ಇಂಟರ್‌ಸೆಪ್ಟರ್ 650ಗೆ ಮುಂದೆ 16 ಹಲ್ಲಿನ ಸ್ಪ್ರಾಕೆಟ್: ಏನು ಸಿಗುತ್ತೆ, ಏನು ಹೋಗುತ್ತೆ, ಹೇಗೆ ಹಾಕೋದು?

ಬಯಲುಸೀಮೆ ಸವಾರ:

ಎಲ್ಲರಿಗೂ ನಮಸ್ಕಾರ. ಗಾಡಿ ರಾಯಲ್ ಎನ್‌ಫೀಲ್ಡ್ ಇಂಟರ್‌ಸೆಪ್ಟರ್ 650, ಹಿಂದಿನ ಟೈರ್ 130/70-18. ಸ್ಪ್ರಾಕೆಟ್ (ಚೈನ್ ಓಡೋ ಹಲ್ಲಿನ ಚಕ್ರ) ಕಂಪನಿಯಿಂದ ಬಂದದ್ದೇ, ಮುಂದೆ 15, ಹಿಂದೆ 38 ಹಲ್ಲು. ಓಡಾಟ ಹೆಚ್ಚಾಗಿ ಎನ್‌ಎಚ್ 48ರಲ್ಲಿ, ಬೆಂಗಳೂರಿಂದ ಹುಬ್ಬಳ್ಳಿಗೆ, 100–110ರ ವೇಗದಲ್ಲಿ. ಆರನೇ ಗೇರ್‌ನಲ್ಲಿದ್ದರೂ ಇನ್ನೊಂದು ಗೇರ್ ಬೇಕು ಅನ್ನಿಸಿ ಎಡಗಾಲು ಮತ್ತೆ ಲಿವರ್ ಕಡೆ ಹೋಗುತ್ತೆ. ಮುಂದೆ 16 ಹಲ್ಲಿಂದು ಹಾಕಿದ್ರೆ ಸರಿಹೋಗುತ್ತೆ ಅಂತಾರೆ.

ಕೇಳಬೇಕಿರೋದು ಇಷ್ಟು. ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ಸುತ್ತೋ ಸುತ್ತು) ನಿಜವಾಗಿ ಎಷ್ಟು ಇಳಿಯುತ್ತೆ? ತಿಂಗಳಿಗೊಮ್ಮೆ ಚಾರ್ಮಾಡಿ ಹತ್ತಬೇಕು, ಹಿಂದೆ ಮನೆಯವರು, ಎರಡು ಬ್ಯಾಗು. ಅಲ್ಲಿ ತೊಂದರೆ ಆಗುತ್ತಾ? ಚೈನ್ 14,000 ಕಿಮೀ ಓಡಿದೆ, ಅದೇ ಸಾಕಾ? ಸ್ಪೀಡೋಮೀಟರ್ ತಪ್ಪು ತೋರಿಸುತ್ತಾ? ಮೇನ್ ಸ್ಟ್ಯಾಂಡ್, ಸಾಕೆಟ್ ಸೆಟ್, ಟಾರ್ಕ್ ರೆಂಚ್ ಇದೆ, ಮನೆಯಲ್ಲೇ ಮಾಡಬಹುದಾ?

ಗೇರ್‌ಲೆಕ್ಕ:

ಮೊದಲು ಲೆಕ್ಕ ನೋಡೋಣ ಸರ್, ಉಳಿದದ್ದನ್ನ ಆಮೇಲೆ ನೀವೇ ತೀರ್ಮಾನ ಮಾಡಬಹುದು.

ಈಗ ಕೊನೆಯ ಅನುಪಾತ 38÷15 = 2.533. ಮುಂದೆ 16 ಹಾಕಿದ್ರೆ 38÷16 = 2.375. ಅಂದ್ರೆ ಯಾವ ಗೇರ್‌ನಲ್ಲೇ ಇರಿ, ಅದೇ ವೇಗಕ್ಕೆ ಆರ್‌ಪಿಎಂ ಶೇ. 6.25 ಕಡಿಮೆ. ಚಕ್ರಕ್ಕೆ ಸಿಗೋ ಎಳೆತವೂ ಅಷ್ಟೇ ಕಡಿಮೆ. ಇದರಲ್ಲಿ ಒಂದು ಮಾತ್ರ ಬೇಕು, ಇನ್ನೊಂದು ಬೇಡ ಅನ್ನೋಕಾಗಲ್ಲ.

ಪ್ರೈಮರಿ (ಎಂಜಿನ್‌ನಿಂದ ಕ್ಲಚ್‌ಗೆ ಇರೋ ಅನುಪಾತ) 2.05, ಆರನೇ ಗೇರ್ 0.852. ಟೈರಿನ ಅಳತೆಯಿಂದ ಲೆಕ್ಕ ಹಾಕಿದ್ರೆ ಸುತ್ತಳತೆ ಸುಮಾರು 2.008 ಮೀಟರ್. ಗಂಟೆಗೆ 100 ಕಿಮೀ ಅಂದ್ರೆ ಹಿಂದಿನ ಚಕ್ರ ನಿಮಿಷಕ್ಕೆ 830 ಸುತ್ತು. ಇದನ್ನೆಲ್ಲ ಗುಣಿಸಿದ್ರೆ 15 ಹಲ್ಲಿಗೆ 3,670 ಆರ್‌ಪಿಎಂ, 16ಕ್ಕೆ 3,440. 110ರಲ್ಲಿ 4,040 ಇದ್ದದ್ದು 3,790 ಆಗುತ್ತೆ. ಭಾರ ಬಿದ್ದ ಟೈರ್ ಸ್ವಲ್ಪ ಅದುಮಿರುತ್ತೆ, ಹಾಗಾಗಿ ಮೀಟರ್‌ನಲ್ಲಿ ಇದಕ್ಕಿಂತ ತುಸು ಜಾಸ್ತಿಯೇ ಕಾಣುತ್ತೆ. ವ್ಯತ್ಯಾಸ ಮಾತ್ರ ಇಷ್ಟೇ, ಇನ್ನೂರೈವತ್ತು ಆರ್‌ಪಿಎಂ ಆಸುಪಾಸು. ಏಳನೇ ಗೇರ್ ಸಿಕ್ಕ ಹಾಗೆ ಇರುತ್ತೆ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ. ಐದರಿಂದ ಆರಕ್ಕೆ ಹಾಕಿದಾಗ ಇಳಿಯೋದು ಶೇ. 11ಕ್ಕೂ ಹೆಚ್ಚು, ಇದು ಅದರ ಅರ್ಧಕ್ಕಿಂತ ಸ್ವಲ್ಪ ಮೇಲೆ.

ಈ ಎಂಜಿನ್‌ಗೆ 52 ನ್ಯೂಟನ್-ಮೀಟರ್ ಟಾರ್ಕ್ ಬರೋದು 5,250ರಲ್ಲಿ. ಅದರ ಶೇ. 80 ಭಾಗ 2,500ರಲ್ಲೇ ಸಿಗುತ್ತೆ ಅಂತ ಕಂಪನಿ ಹೇಳುತ್ತೆ. ಹಾಗಾಗಿ 2,500ಕ್ಕಿಂತ ಕೆಳಗೆ ಆರನೇ ಗೇರ್‌ನಲ್ಲಿ ಥ್ರಾಟಲ್ ತಿರುಗಿಸಬಾರದು ಅನ್ನೋದು ಒಳ್ಳೆ ಲೆಕ್ಕ. 15 ಹಲ್ಲಿಗೆ ಆ ಗಡಿ 68 ಕಿಮೀ ವೇಗ, 16ಕ್ಕೆ 73. ತುಮಕೂರು ದಾಟೋವರೆಗಿನ ಲಾರಿ ಸಾಲಿನಲ್ಲಿ 70ರಲ್ಲಿ ಹೋಗ್ತಾ ಇದ್ರೆ ಇನ್ನು ಐದನೇ ಗೇರ್ ಬೇಕಾಗುತ್ತೆ.

ಟಾಪ್ ಸ್ಪೀಡ್ ಏರುತ್ತೆ ಅಂತ ಹಾಕೋದು ಬೇಡ. ಆ ವೇಗದಲ್ಲಿ ಗಾಳಿ ತಡೆಯೋದನ್ನ ಎಂಜಿನ್ ಪವರ್ ಗೆಲ್ಲಬೇಕು, ಸ್ಪ್ರಾಕೆಟ್ ಪವರ್ ಕೊಡಲ್ಲ. ಎದುರುಗಾಳಿ ಇದ್ದರೆ, ಏರು ಇದ್ದರೆ ಮೊದಲಿಗಿಂತ ಬೇಗ ಐದಕ್ಕೆ ಇಳಿಸಬೇಕಾಗುತ್ತೆ.

ಇನ್ನೊಂದು ಲಾಭ ಇದೆ, ಅದನ್ನ ಯಾರೂ ಹೇಳಲ್ಲ. ಚೈನ್ ಸ್ಪ್ರಾಕೆಟ್ ಮೇಲೆ ದುಂಡಗೆ ಸುತ್ತಲ್ಲ, ಮೂಲೆ ಮೂಲೆಯಾಗಿ ಸುತ್ತುತ್ತೆ. ಅದರಿಂದ ಚೈನಿನ ವೇಗ ಪ್ರತಿ ಹಲ್ಲಿಗೂ ಸಣ್ಣಗೆ ಏರಿಳಿಯುತ್ತೆ. 14 ಹಲ್ಲಿಗೆ ಈ ಏರಿಳಿತ ಶೇ. 2.5, 15ಕ್ಕೆ 2.2, 16ಕ್ಕೆ 1.9. ಕೊಂಡಿ ಬಾಗೋ ಕೋನವೂ 24 ಡಿಗ್ರಿಯಿಂದ 22.5ಕ್ಕೆ ಇಳಿಯುತ್ತೆ. ಮುಂದಿನ ಸ್ಪ್ರಾಕೆಟ್ ದೊಡ್ಡದಾದಷ್ಟೂ ಚೈನಿಗೆ ಸುಖ. ಪಿಕಪ್‌ಗೋಸ್ಕರ ಮುಂದೆ 14 ಹಾಕೋರು ಇದನ್ನ ಯೋಚಿಸಬೇಕು. ಅದೇ ಪಿಕಪ್ ಹಿಂದಿನದನ್ನ ದೊಡ್ಡದು ಮಾಡಿಯೂ ಪಡೆಯಬಹುದು.

ಘಟ್ಟದ ದಾರಿ:

ಲೆಕ್ಕ ಸರಿ. ಆದ್ರೆ ನಿಮ್ಮ ಎರಡನೇ ಪ್ರಶ್ನೆ ಬಗ್ಗೆ ನಾನು ಸ್ವಲ್ಪ ಬೇರೆ ಹೇಳ್ತೀನಿ.

ಚಾರ್ಮಾಡಿಯ ಹೇರ್‌ಪಿನ್‌ನಲ್ಲಿ ಎದುರಿಗೆ ಬಸ್ ಬಂದರೆ ವೇಗ 20ಕ್ಕೆ ಇಳಿಯುತ್ತೆ. ಎರಡನೇ ಗೇರ್‌ನಲ್ಲಿ 20ಕ್ಕೆ ಈಗ 1,560 ಆರ್‌ಪಿಎಂ, 16 ಹಾಕಿದ್ರೆ 1,465. ನೋಡೋಕೆ ನೂರು ಆರ್‌ಪಿಎಂ, ಆದ್ರೆ ಅದು ಗಾಡಿ ಜರ್ಕ್ ಹೊಡೆಯೋಕೆ ಶುರು ಮಾಡೋ ಜಾಗ. ಹಿಂದೆ ಒಬ್ಬರು, ಎರಡು ಬ್ಯಾಗ್ ಇದ್ದಾಗ ಹೆಚ್ಚಿನವರು ಅಲ್ಲಿ ಗೇರ್ ಇಳಿಸೋ ಬದಲು ಹಾಫ್ ಕ್ಲಚ್ ಹಿಡೀತಾರೆ. ತಪ್ಪಾಗೋದು ಅಲ್ಲೇ. ಕ್ಲಚ್ ಪ್ಲೇಟ್ ಬಿಸಿಯಾಗಿ, ಲಿವರ್ ಮೇಲೆ ಹಿಡಿತ ಬರೋ ಜಾಗವೇ ಘಟ್ಟ ಹತ್ತೋದ್ರೊಳಗೆ ಬದಲಾಗಿರುತ್ತೆ. 16 ಹಾಕಿದ ಮೇಲೆ ತಿರುವಿಗೆ ಮೊದಲೇ ಒಂದನೇ ಗೇರ್‌ಗೆ ಇಳಿಸಿ, ಕ್ಲಚ್ ಪೂರ್ತಿ ಬಿಟ್ಟು ತಿರುಗಿ. ಒಂದನೇ ಗೇರ್‌ನಲ್ಲಿ 15ರ ವೇಗಕ್ಕೆ ಸುಮಾರು 1,590 ಆರ್‌ಪಿಎಂ ಇರುತ್ತೆ, ಈ ಅವಳಿ ಸಿಲಿಂಡರ್‌ಗೆ ಅದು ಸಾಕು.

ಇಳಿಯುವಾಗ ಎಂಜಿನ್ ಬ್ರೇಕಿಂಗೂ ಅಷ್ಟೇ ಪಾಲು ಕಮ್ಮಿ ಆಗುತ್ತೆ. ಮೂರರಲ್ಲಿ ಇಳೀತಿದ್ದ ಕಡೆ ಎರಡಕ್ಕೆ ಹಾಕಿ, ಹಿಂದಿನ ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿಯಬೇಡಿ.

ಬೆಂಗಳೂರಲ್ಲಿ ದಿನಾ ಸಿಲ್ಕ್ ಬೋರ್ಡ್ ಕಡೆ ಓಡಾಟ ಇದ್ದರೆ ನಾನು ಬೇಡ ಅಂತಲೇ ಹೇಳ್ತಿದ್ದೆ. ಒಂದನೇ ಗೇರ್‌ನಲ್ಲಿ 1,500ಕ್ಕೆ 13.3 ಕಿಮೀ ಇದ್ದದ್ದು 14.2 ಆಗುತ್ತೆ, ತೆವಳೋ ಟ್ರಾಫಿಕ್‌ನಲ್ಲಿ ಅಷ್ಟು ಹೊತ್ತೂ ಎಡಗೈಗೆ ಕೆಲಸ.

ನಡುವಿನ ದಾರಿಯೂ ಇದೆ. ಮುಂದೆ 15 ಹಾಗೇ ಇಟ್ಟು ಹಿಂದೆ 37 ಹಾಕಿದ್ರೆ ಬದಲಾವಣೆ ಶೇ. 2.6, 36 ಹಾಕಿದ್ರೆ ಶೇ. 5.3. ಮುಂದಿನ ಒಂದು ಹಲ್ಲು ಹಿಂದಿನ ಎರಡೂವರೆ ಹಲ್ಲಿಗೆ ಸಮ. ಹಿಂದಿನದಕ್ಕೆ ದುಡ್ಡು ಜಾಸ್ತಿ, ಚಕ್ರ ಬಿಚ್ಚಬೇಕು. ಆದ್ರೆ ಹೇಗೂ ಹೊಸ ಚೈನ್ ಸೆಟ್ ಹಾಕೋ ಸಮಯ ಬಂದಿದ್ರೆ ಆಗ ಇದನ್ನೂ ಯೋಚಿಸಿ.

ಪಾನಾ ಪೆಟ್ಟಿಗೆ:

ಮನ್ಯಾಗ ಮಾಡಬಹುದ್ರಿ, ಒಂದೂವರೆ ತಾಸಿನ ಕೆಲಸ. ಅವಸರ ಮಾಡಬ್ಯಾಡ್ರಿ ಅಷ್ಟ.

ಖರೀದಿ ಮಾಡೋ ಮುಂಚೆ ಚೈನ್ ಪ್ಲೇಟ್ ಮ್ಯಾಲಿನ ನಂಬರ್ ಓದ್ರಿ. 520 ಮತ್ತು 525 ಎರಡರದ್ದೂ ಪಿಚ್ (ಒಂದು ಪಿನ್ನಿನಿಂದ ಮುಂದಿನ ಪಿನ್ನಿನ ದೂರ) 15.875 ಮಿಮೀ. ಆದ್ರ ಒಳಗಿನ ಅಗಲ ಬ್ಯಾರೆ, 520ಕ್ಕ 6.35, 525ಕ್ಕ 7.94 ಮಿಮೀ. 525ರ ಸ್ಪ್ರಾಕೆಟ್ 520ರ ಚೈನಿನೊಳಗ ಕೂಡೋದಿಲ್ಲ. 520ರದ್ದು 525ರ ಚೈನಿಗೆ ಹಾಕಿದ್ರ ಅಡ್ಡಾಡಿ ತಿಂದು ಹೋಗ್ತದ. ಅಂಗಡ್ಯಾಗ ಹೊಸದನ್ನ ಕೈಯಾಗ ಹಿಡದು ಒಂದು ಹೊಸ ಅರ ಹಲ್ಲಿನ ಬದಿಗೆ ಮೆಲ್ಲಕ ಎಳೀರಿ. ಅರ ಜಾರಿದ್ರ ಗಟ್ಟಿ ಉಕ್ಕು. ಪುಡಿ ಉದುರಿದ್ರ ಮೆತ್ತಗಿನ ಮಾಲು, ಆರು ತಿಂಗಳಿಗೆ ಹಲ್ಲು ಕೊಕ್ಕಿ ಆಗ್ತಾವ. ಅದನ್ನ ಅಲ್ಲೇ ಬಿಟ್ಟು ಬರ್ರಿ.

ಈಗ ಕೆಲಸ. ಮೇನ್ ಸ್ಟ್ಯಾಂಡ್ ಹಾಕೋ ಮೊದಲ, ಚಕ್ರ ನೆಲದ ಮ್ಯಾಲೆ ಇದ್ದಾಗಲೇ ಹಿಂದಿನ ಆಕ್ಸಲ್ ನಟ್ ಒಂದು ಸುತ್ತು ಸಡಿಲ ಮಾಡ್ರಿ. ಎಡಗಡೆ ಸ್ಪ್ರಾಕೆಟ್ ಕವರ್ ತೆಗೀರಿ. ಬೋಲ್ಟ್ ಉದ್ದ ಬ್ಯಾರೆ ಬ್ಯಾರೆ ಇದ್ದರ ಒಂದು ರಟ್ಟಿನ ಮ್ಯಾಲೆ ಕವರಿನ ಚಿತ್ರ ಬರದು ಆಯಾ ತೂತಿನಾಗ ಚುಚ್ಚಿ ಇಡ್ರಿ. ಒಳಗ ಕಪ್ಪು ಮೇಣದಂಗ ಗ್ರೀಸು, ಮಣ್ಣು ಗಡ್ಡೆ ಕಟ್ಟಿರ್ತದ. ಅದನ್ನ ಮರದ ಚಕ್ಕಿಯಿಂದ ಕೆರೀರಿ, ಸೀಮೆಎಣ್ಣಿ ಹಚ್ಚಿದ ಬಟ್ಟಿಯಿಂದ ಒರಸ್ರಿ. ಸ್ಕ್ರೂ ಡ್ರೈವರ್ ಹಾಕಿ ಕೆರದ್ರ ಶಾಫ್ಟಿನ ಆಯಿಲ್ ಸೀಲಿಗೆ ಗೀರು ಬೀಳ್ತದ, ಆಮ್ಯಾಲೆ ಅಲ್ಲಿಂದ ಎಣ್ಣಿ ಜಿನುಗೋದು ನಿಲ್ಲೋದಿಲ್ಲ. ಪ್ರೆಶರ್ ವಾಷರ್ ಅಂತೂ ಅಲ್ಲಿ ತೋರಸಲೇಬ್ಯಾಡ್ರಿ.

ಈ ಗಾಡ್ಯಾಗ ಸ್ಪ್ರಾಕೆಟ್ ಹಿಡಕೊಂಡಿರೋದು ಒಂದು ಲಾಕ್ ಪ್ಲೇಟು, ಎರಡು ಸಣ್ಣ ಬೋಲ್ಟು. ಹಳೇ ಬುಲೆಟ್‌ನಂಗ ಪ್ರೈಮರಿ ಕೇಸು, ಕ್ಲಚ್ಚು ಬಿಚ್ಚಿ, ಉಲ್ಟಾ ಮರಿ (ಥ್ರೆಡ್) ಇರೋ ದೊಡ್ಡ ನಟ್ ತಿರುವೋ ಗೋಜಿಲ್ಲ. ಒಂದನೇ ಗೇರ್ ಹಾಕಿ, ಒಬ್ಬರು ಹಿಂದಿನ ಬ್ರೇಕ್ ಒತ್ತಿ ಹಿಡೀಲಿ. ಚೈನ್ ಇನ್ನೂ ಮ್ಯಾಲೇ ಇರಬೇಕು, ಅದೇ ಸ್ಪ್ರಾಕೆಟ್ ತಿರುಗದಂಗ ಹಿಡೀತದ. ಮೊದಲ ಚೈನ್ ತಗದು ಆಮ್ಯಾಲೆ ಬೋಲ್ಟ್ ಬಿಚ್ಚಾಕ ಹೋದ್ರ ಶಾಫ್ಟ್ ತಿರುಗ್ತಾನೇ ಇರ್ತದ. ಆರು ಮೂಲಿ ಸಾಕೆಟ್ಟೇ ಬಳಸ್ರಿ, ಹನ್ನೆರಡು ಮೂಲಿದು ಈ ಸಣ್ಣ ತಲಿ ಮ್ಯಾಲೆ ಜಾರಿ ದುಂಡು ಮಾಡ್ತದ. ಬರಲಿಲ್ಲಂದ್ರ ಬೋಲ್ಟ್ ತಲಿಗೆ ಹೀಟ್ ಗನ್ ಎರಡು ನಿಮಿಷ ಹಿಡೀರಿ, ಥ್ರೆಡ್‌ಲಾಕ್ (ಬೋಲ್ಟ್ ಸಡಿಲಾಗದಂಗ ಹಚ್ಚೋ ಅಂಟು) ಮೆತ್ತಗಾಗ್ತದ. ಸೀಲಿಗೆ ಶಾಖ ತಗಲಬಾರದು.

ಬೋಲ್ಟ್ ಸಡಿಲಾದ ಮ್ಯಾಲೆ ಸ್ಟ್ಯಾಂಡ್ ಹಾಕಿ ನ್ಯೂಟ್ರಲ್ ಮಾಡ್ರಿ. ಎರಡೂ ಬದಿ ಅಡ್ಜಸ್ಟರ್‌ನ ಎಣಿಸಿಕೊಂಡು ಸಮ ಸುತ್ತು ಹಿಂದಕ್ಕ ಬಿಡ್ರಿ, ಚಕ್ರ ಮುಂದಕ್ಕ ತಳ್ಳಿ ಚೈನನ್ನ ಹಿಂದಿನ ಸ್ಪ್ರಾಕೆಟ್‌ನಿಂದ ಒಳಗಡೆ ಇಳಸ್ರಿ. ಲಾಕ್ ಪ್ಲೇಟ್‌ನ ಅರ್ಧ ಹಲ್ಲು ತಿರುವಿದ್ರ ಶಾಫ್ಟಿನ ಮ್ಯಾಲಿನ ಉದ್ದ ಗೆರಿಗೆ (ಸ್ಪ್ಲೈನ್) ಸರಿಹೊಂದಿ ಹೊರಗ ಬರ್ತದ, ಅದರ ಹಿಂದ ಸ್ಪ್ರಾಕೆಟ್ ಚೈನಿನ ಸಮೇತ. ಹಳೇದು ಹೆಂಗಿತ್ತು, ಯಾವ ಮೈ ಹೊರಗಿತ್ತು ಅಂತ ಮೊಬೈಲ್‌ನಾಗ ಫೋಟೊ ಹೊಡಕೊಳ್ರಿ. ಹೊಸದರ ಒಂದು ಮೈಗೆ ಉಬ್ಬು ಇದ್ದರ ಉಲ್ಟಾ ಹಾಕಿದಾಗ ಚೈನ್ ಲೈನ್ ತಪ್ಪತದ.

ಹೊಸದು ಕೂಡಿಸಿ, ಪ್ಲೇಟ್ ಹಾಕಿ ತಿರುವಿ, ಬೋಲ್ಟ್ ಮರಿ ಸ್ವಚ್ಛ ಮಾಡಿ, ನೀಲಿ ಥ್ರೆಡ್‌ಲಾಕ್ ಒಂದೊಂದು ಹನಿ. ಕೆಂಪು ಬ್ಯಾಡ. ಎಂ6 ಬೋಲ್ಟಿಗೆ 10 ನ್ಯೂಟನ್-ಮೀಟರ್ ಸಾಕು. ಎಷ್ಟು ಸಣ್ಣದು ಅಂತ ಕಂಡರೂ ಉದ್ದ ಹಿಡಿಕಿ ಹಾಕಿ ಎಳದು ಕತ್ತರಿಸಿಕೊಳ್ಳೋರು ಬಾಳ ಮಂದಿ. ಮುರದ ತುಂಡು ಒಳಗೇ ಉಳೀತದ.

ಕವರ್ ಹಾಕೋ ಮೊದಲ ಒಂದು ಪರೀಕ್ಷೆ ಐತಿ. 16ರ ವ್ಯಾಸ 15ಕ್ಕಿಂತ 5 ಮಿಮೀ ದೊಡ್ಡದು, ಅಂದ್ರ ಚೈನು ಸುತ್ತಲೂ ಎರಡೂವರಿ ಮಿಮೀ ಹೊರಗ ಬರ್ತದ. ಕೈಯಿಂದ ಹಿಂದಿನ ಚಕ್ರ ತಿರುವಿ ಎಲ್ಲಾ ಕೊಂಡಿ ದಾಟೋ ತನಕ ಕೇಸು, ಕವರು ಎಲ್ಲೂ ತಾಗದಂಗ ನೋಡ್ರಿ. ಕವರ್ ಒಳಮೈಗೆ ಸೀಮೆಸುಣ್ಣ ಬಳದು ಹಾಕಿ, ತಿರುವಿ, ತಗದು ನೋಡ್ರಿ. ತಾಗಿದ್ರ ಗೀರು ಕಾಣ್ತದ. ಇದು ಕೈಯಿಂದ ಮಾಡೋ ಕೆಲಸ. ಎಂಜಿನ್ ಚಾಲೂ ಇಟ್ಟು ಚೈನಿನ ಹತ್ರ ಬಟ್ಟಿ, ಬೆರಳು ಒಯ್ಯಬಾರದು. ಬಟ್ಟಿ ಹಿಡಕೊಂಡ್ರ ಅದರ ಜೋಡಿ ಬೆರಳೂ ಹೋಗ್ತದ.

ಬಯಲುಸೀಮೆ ಸವಾರ:

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಧನ್ಯವಾದ. ಚೈನ್ ಕಟ್ ಮಾಡೋದು ಅಥವಾ ಕೊಂಡಿ ಸೇರಿಸೋದು ಬೇಕಾಗುತ್ತಾ? ಮತ್ತೆ ಸ್ಪೀಡೋಮೀಟರ್ ವಿಷಯ?

ಗೇರ್‌ಲೆಕ್ಕ:

ಬೇಕಾಗಲ್ಲ. ಒಂದು ಹಲ್ಲು ಹೆಚ್ಚಾದ್ರೆ ಚೈನ್ ಸುಮಾರು ಅರ್ಧ ಪಿಚ್ ಜಾಸ್ತಿ ಸುತ್ತಿಕೊಳ್ಳುತ್ತೆ. ಅದು ಮೇಲೊಂದು, ಕೆಳಗೊಂದು ಎಳೆಗೆ ಹಂಚಿಹೋಗೋದ್ರಿಂದ ಆಕ್ಸಲ್ ಮುಂದೆ ಬರೋದು 3.7 ಮಿಮೀ ಆಸುಪಾಸು. ಅಡ್ಜಸ್ಟರ್ ಎಂ8 ಆಗಿದ್ರೆ ಸುತ್ತಿಗೆ 1.25 ಮಿಮೀ, ಮೂರು ಸುತ್ತು. ಈಗಲೇ ಹೋಗಿ ಸ್ವಿಂಗ್‌ಆರ್ಮ್ (ಹಿಂದಿನ ಚಕ್ರ ಹಿಡಿದಿರೋ ತೋಳು) ತೂತಿನಲ್ಲಿ ಆಕ್ಸಲ್ ಮುಂದೆ ಎಷ್ಟು ಜಾಗ ಇದೆ ಅಳೆಯಿರಿ. 14,000 ಓಡಿದ ಚೈನ್ ಹಿಗ್ಗಿ ಆಕ್ಸಲ್ ಹಿಂದೆ ಹೋಗಿರುತ್ತೆ, ಹಾಗಾಗಿ ಜಾಗ ಇದ್ದೇ ಇರುತ್ತೆ. ತೊಂದರೆ ಬರೋದು ಹೊಚ್ಚ ಹೊಸ ಚೈನಿಗೆ.

ಆದ್ರೆ ಆ ಚೈನ್ ಇನ್ನೂ ಯೋಗ್ಯವಾಗಿದೆಯಾ ಅನ್ನೋದು ಬೇರೆ. ಕೆಳಗಿನ ಎಳೆಯನ್ನ ಬಿಗಿಯಾಗಿ ಎಳೆದು, ಒಂದು ಪಿನ್ನಿನ ನಡುವಿಂದ ಇಪ್ಪತ್ತೊಂದನೇ ಪಿನ್ನಿನ ನಡುವಿಗೆ ಸ್ಟೀಲ್ ಟೇಪ್ ಹಿಡೀರಿ. ಹೊಸದಿದ್ದಾಗ 317.5 ಮಿಮೀ. 320.5 ದಾಟಿದ್ರೆ ಶೇ. 1ರ ಹತ್ರ ಬಂದಿದೆ. ಆ ಚೈನಿಗೆ ಹೊಸ ಸ್ಪ್ರಾಕೆಟ್ ಕೊಟ್ಟರೆ ಹಿಗ್ಗಿದ ಪಿಚ್ ಹೊಸ ಹಲ್ಲನ್ನ ತಿನ್ನುತ್ತೆ. ಆಗ ಮೂರನ್ನೂ ಒಟ್ಟಿಗೆ ಬದಲಿಸಿ. ನಾಲ್ಕು ಕಡೆ ಅಳೆಯಿರಿ, ಚೈನ್ ಎಲ್ಲಾ ಕಡೆ ಒಂದೇ ಸಮ ಸವೆಯಲ್ಲ.

ಸ್ಪೀಡೋಗೆ ಸುಲಭ ಪರೀಕ್ಷೆ: ಮೇನ್ ಸ್ಟ್ಯಾಂಡ್ ಹಾಕಿ, ಹಿಂದಿನ ಚಕ್ರದ ಹತ್ರ ಯಾರೂ ಇಲ್ಲದ ಹಾಗೆ ನೋಡಿಕೊಂಡು, ಎಂಜಿನ್ ಚಾಲೂ ಮಾಡಿ ಒಂದನೇ ಗೇರ್‌ನಲ್ಲಿ ಕ್ಲಚ್ ನಿಧಾನ ಬಿಡಿ. ಹಿಂದಿನ ಚಕ್ರ ತಿರುಗ್ತಾ ಇದ್ರೂ ಮುಳ್ಳು ಸೊನ್ನೆಯಲ್ಲೇ ಇದ್ರೆ ಅದು ಮುಂದಿನ ಚಕ್ರದಿಂದ ಓದುತ್ತೆ, ಸ್ಪ್ರಾಕೆಟ್‌ಗೂ ಅದಕ್ಕೂ ಸಂಬಂಧ ಇಲ್ಲ. ಇಂಟರ್‌ಸೆಪ್ಟರ್‌ನಲ್ಲಿ ಹೀಗೇ. ಎಬಿಎಸ್ ದೀಪ ಹತ್ತಬಹುದು, ಎರಡು ಚಕ್ರಕ್ಕೆ ಬೇರೆ ಬೇರೆ ವೇಗ ಕಂಡದ್ದಕ್ಕೆ ಅದು. ಕೀ ಆಫ್ ಮಾಡಿ ಆನ್ ಮಾಡಿ ಸ್ವಲ್ಪ ದೂರ ಓಡಿಸಿದ್ರೆ ಹೋಗುತ್ತೆ. ಗೇರ್‌ಬಾಕ್ಸ್ ಶಾಫ್ಟಿಂದ ಓದೋ ಗಾಡಿಗಳಲ್ಲಿ ಮಾತ್ರ ಮೀಟರ್ ತಪ್ಪುತ್ತೆ. ಅಲ್ಲಿ 15ಕ್ಕೆ ಬದಲು 16 ಹಾಕಿದ್ರೆ ಮೀಟರ್ 100 ತೋರಿಸುವಾಗ ಹಳೇ ಲೆಕ್ಕದ 106.7ರಲ್ಲಿ ಇರ್ತೀರಿ.

ಪಾನಾ ಪೆಟ್ಟಿಗೆ:

ಚೈನ್ ಬಿಗಿ ಬಗ್ಗೆ ಬರೀಲಿಲ್ಲ, ಅದೇ ಎಲ್ಲಕ್ಕಿಂತ ಮುಖ್ಯ. ಸ್ಪ್ರಾಕೆಟ್ ಬದಲಿ ಮಾಡಿದ ಮ್ಯಾಲೆ ಬರೋ ದೂರಿನ್ಯಾಗ ಹೆಚ್ಚಿನವು ಸ್ಪ್ರಾಕೆಟ್‌ನಿಂದ ಅಲ್ಲ, ಚೈನ್ ಬಿಗಿ ತಪ್ಪಿದ್ದಕ್ಕ.

ಚಕ್ರ ಮೆಲ್ಲಕ ತಿರುವಿ ನಾಲ್ಕಾರು ಕಡೆ ಸಡಿಲು ನೋಡ್ರಿ. ಎಲ್ಲಿ ಅತಿ ಬಿಗಿ ಐತೋ ಅಲ್ಲೇ ನಿಲ್ಲಿಸಿ, ಸ್ವಿಂಗ್‌ಆರ್ಮ್ ಸ್ಟಿಕ್ಕರ್ ಅಥವಾ ಮ್ಯಾನುಯಲ್‌ನ ಅಳತಿಗೆ ಇಡ್ರಿ. ಸಡಿಲು ಜಾಗದಾಗ ಅಳದು ಬಿಗಿ ಮಾಡಿದ್ರ ಬಿಗಿ ಜಾಗ ಬಂದಾಗ ಚೈನು ತಂತಿಯಂಗ ಆಗ್ತದ. ಇನ್ನೊಂದು, ಮುಂದಿನ ಶಾಫ್ಟು, ಸ್ವಿಂಗ್‌ಆರ್ಮ್ ಪಿವಟ್ಟು, ಹಿಂದಿನ ಆಕ್ಸಲ್ಲು ಒಂದೇ ಗೆರಿಗೆ ಬಂದಾಗ ಚೈನು ಅತಿ ಬಿಗಿ ಇರ್ತದ. ನಿಮ್ಮ ಗಾಡಿ ಇಬ್ಬರನ್ನ, ಬ್ಯಾಗನ್ನ ಹೊತ್ತು ಕುಗ್ಗಿದಾಗ ಅದರ ಸಮೀಪ ಹೋಗ್ತದ. ಇಬ್ಬರೂ ಕುಂತಾಗ ಮೂರನೇಯವರು ಚೈನ್ ಒತ್ತಿ ನೋಡ್ಲಿ, ಆಗಲೂ ಸ್ವಲ್ಪ ಆಡಬೇಕು. ಬಿಗಿಯಾದ ಚೈನು ಶಾಫ್ಟಿನ ಬೇರಿಂಗು, ಸೀಲು ತಿಂತದ. ಸೀಟಿ ಹೊಡದಂಗ ಸದ್ದು ಬಂದ್ರ ಅದೇ ಗುರುತು.

ಲೈನ್ ನೋಡಾಕ ಸ್ವಿಂಗ್‌ಆರ್ಮ್ ಗೆರಿ ಒಂದನ್ನೇ ನಂಬಬ್ಯಾಡ್ರಿ. ಪಿವಟ್ ನಡುವಿಂದ ಆಕ್ಸಲ್ ನಡುವಿಗೆ ಎರಡೂ ಬದಿ ಟೇಪ್ ಹಿಡದು ಸಮ ಮಾಡ್ರಿ. ಆಕ್ಸಲ್ ನಟ್ ಬಿಗಿ ಮಾಡುವಾಗ ಕೆಳಗಿನ ಎಳಿ ಮತ್ತು ಸ್ಪ್ರಾಕೆಟ್ ನಡುವ ಒಂದು ಬಟ್ಟಿ ಸುರುಳಿ ತುರುಕಿ ಚಕ್ರ ಮುಂದಕ್ಕ ತಿರುವಿದ್ರ ಆಕ್ಸಲ್ ಅಡ್ಜಸ್ಟರ್‌ಗೆ ಒತ್ತಿ ಕೂಡ್ತದ, ಅಳತಿ ಜರಗೋದಿಲ್ಲ. ಬಟ್ಟಿ ತಗದು, ಹಿಂದಿನ ಬ್ರೇಕ್ ಎರಡು ಮೂರು ಸಲ ಒತ್ತಿ, ಪೆಡಲ್ ಗಟ್ಟಿಯಾದ ಮ್ಯಾಲೇ ಗಾಡಿ ತಗೀರಿ. ನೂರು ಕಿಮೀ ಆದ ಮ್ಯಾಲೆ ಚೈನು, ನಟ್ಟು ಮತ್ತೊಮ್ಮೆ ನೋಡ್ರಿ.

ಬಯಲುಸೀಮೆ ಸವಾರ:

ಅಳತೆ 318.5 ಬಂತು, ನಾಲ್ಕು ಕಡೆಯೂ ಹೆಚ್ಚುಕಮ್ಮಿ ಅಷ್ಟೇ. ಹಾಗಾಗಿ ಹಳೇ ಚೈನ್ ಇಟ್ಟುಕೊಂಡೇ 16 ಹಾಕಿದೆ. ಕವರ್‌ಗೆ ಎಲ್ಲೂ ತಾಗ್ತಿಲ್ಲ. ಒಂದೇ ಅನುಮಾನ: ಎರಡೂ ಬೋಲ್ಟ್ ಸರಿಯಾಗಿ ಬಿಗಿಯಾಗಿದ್ರೂ ಸ್ಪ್ರಾಕೆಟ್ ಕೈಯಲ್ಲಿ ಹಿಡಿದು ಆಡಿಸಿದ್ರೆ ಒಳಗೆ-ಹೊರಗೆ ಕೂದಲೆಳೆಯಷ್ಟು ಆಡುತ್ತೆ. ಹಿಂದೆ ಒಂದು ವಾಷರ್ ಹಾಕಬೇಕಾ?

ಪಾನಾ ಪೆಟ್ಟಿಗೆ:

ಹಾಕಬ್ಯಾಡ್ರಿ. ಲಾಕ್ ಪ್ಲೇಟಿನ ಬೋಲ್ಟು ಪ್ಲೇಟ್‌ನ ಸ್ಪ್ರಾಕೆಟ್‌ಗೆ ಬಿಗೀತದ, ಶಾಫ್ಟಿಗೆ ಅಲ್ಲ. ಶಾಫ್ಟಿನ ತೋಡು ಪ್ಲೇಟಿನ ದಪ್ಪಕ್ಕಿಂತ ತುಸು ಅಗಲ ಇರ್ತದ, ಅಷ್ಟು ಆಟ ಇರಲೇಬೇಕು. ಚೈನು ತನ್ನ ಲೈನ್ ತಾನೇ ಹುಡಕೊಳ್ಳಾಕ ಅದು ಬೇಕು. ವಾಷರ್ ಹಾಕಿದ್ರ ಅದು ತಿರುಗಿ ತಿರುಗಿ ಸೀಲು ಕೊರೀತದ. ನೋಡಬೇಕಾದ್ದು ತಿರುಗೋ ದಿಕ್ಕಿನ ಆಟ. ಶಾಫ್ಟ್ ಹಿಡದು ಸ್ಪ್ರಾಕೆಟ್ ಮುಂದ ಹಿಂದ ತಿರುವಿದಾಗ ಕಟಕಟ ಅಂದ್ರ ಸ್ಪ್ಲೈನ್ ಸವದಾವ ಇಲ್ಲ ತಪ್ಪು ಮಾಲು ಅಂತ ಅರ್ಥ.

ಗೇರ್‌ಲೆಕ್ಕ:

ಇನ್ನೊಂದು ಸಣ್ಣ ವಿಷಯ ಸೇರಿಸ್ತೀನಿ. ಚೈನಿನ ಕೊಂಡಿಗಳು ಯಾವಾಗಲೂ ಸರಿಸಂಖ್ಯೆ: ಒಂದು ಒಳಕೊಂಡಿ, ಒಂದು ಹೊರಕೊಂಡಿ. 15 ಹಲ್ಲಿದ್ದಾಗ ಪ್ರತಿ ಹಲ್ಲಿಗೂ ಎರಡೂ ಬಗೆ ಸರದಿಯಲ್ಲಿ ಸಿಗುತ್ತಿತ್ತು. 16 ಆದಾಗ ಒಂದು ಹಲ್ಲಿಗೆ ಸದಾ ಒಳಕೊಂಡಿಯೇ, ಪಕ್ಕದ್ದಕ್ಕೆ ಸದಾ ಹೊರಕೊಂಡಿಯೇ. ಸವೆತ ಒಂದು ಬಿಟ್ಟು ಒಂದು ಹಲ್ಲಿಗೆ ಬೇರೆಯಾಗುತ್ತೆ. ಹಿಂದಿನ 38ಕ್ಕೆ ಮೊದಲಿಂದಲೂ ಹೀಗೇ. ಈಗ ಒಂದು ಹಲ್ಲಿಗೂ ಅದರ ಮೇಲಿನ ಹೊರಕೊಂಡಿಗೂ ಬಿಳಿ ಪೇಂಟ್ ಚುಕ್ಕಿ ಇಡಿ. ಮುಂದೆ ಯಾವಾಗ ಚಕ್ರ ಬಿಚ್ಚಿದ್ರೂ, ಚೈನ್ ವಾಪಸ್ ಏರಿಸುವಾಗ ಎರಡೂ ಸ್ಪ್ರಾಕೆಟ್ ಮೇಲೆ ಒಂದೊಂದು ಹಲ್ಲು ಸರಿಸಿ ಕೂರಿಸಿ. ಹಳೇ 15ನ್ನ ಎಸೆಯಬೇಡಿ, ಗ್ರೀಸ್ ಸವರಿ ಪ್ಲಾಸ್ಟಿಕ್ ಕವರ್‌ನಲ್ಲಿಡಿ. ಹಲ್ಲು ಕೊಕ್ಕಿಯಾಗದೆ ಇದ್ರೆ ಈ ಚೈನ್ ಮುಗಿಯೋವರೆಗೆ ಯಾವಾಗ ಬೇಕಾದ್ರೂ ವಾಪಸ್ ಹಾಕಬಹುದು.